ಕೂಡಸೂದೇನ್ರಿ, ಕಳ್ಯೂದೇನ್ರಿ

ಮಕ್ಕಳಿಗೆ ಮಗ್ಗಿ ಬರುತ್ತದೆ. ಕೂಡಿಸಲು ಬರುತ್ತದೆ, ಕಳೆಯಲು ಬರುತ್ತದೆ. ಅದೇ ಲೆಕ್ಕವನ್ನು ಎರಡು ಸಾಲು ಮಾತಿನಲ್ಲಿ ಬರೆದು ಕೊಟ್ಟು ನೋಡಿರಿ. ಓದುತ್ತವೆ. ಪಾಟಿಯ ಮೇಲೆ ಬಳಪ ಊರುತ್ತವೆ. ಆಮೇಲೆ ಪಾಟಿ ಬಿಟ್ಟು ನಿಮ್ಮ ಮುಖ ನೋಡುತ್ತವೆ. “ಅಕ್ಕೋರ, ಇದನ್ನ ಕೂಡಸೂದೇನ್ರಿ, ಕಳ್ಯೂದೇನ್ರಿ?”

ನೌಕರಿ ಮಾಡಿದಷ್ಟು ವರ್ಷವೂ ಈ ಮಾತು ಕೇಳಿದ್ದೇನೆ. ಹೊಸದಾಗಿ ಕಲಿಸಲು ಸೇರುವ ಹುಡುಗಿಯರು ನೀವೂ ಕೇಳುತ್ತೀರಿ. ಇದಕ್ಕೆ ಉತ್ತರ ಕೊಡಬೇಡಿರಿ. ಉತ್ತರ ಕೊಟ್ಟು ನಾನು ಏನು ಕೆಡಿಸಿದೆ ಎಂಬುದನ್ನು ಬರೆಯುತ್ತೇನೆ. ಬೇರೆ ಏನೂ ನನಗೆ ಹೇಳಲು ಇಲ್ಲ.

ನಾನು ಕಲಿತದ್ದು ಮುಲ್ಕಿಯವರೆಗೆ. ಅಂದರೆ ಏಳನೇ ಇಯತ್ತೆ. ಅದೂ ಎರಡನೇ ಸಲಕ್ಕೆ ಪಾಸು. ಮೊದಲ ಸಲ ಲೆಕ್ಕದಲ್ಲಿ ಬಿದ್ದೆ, ಮಾತಿನ ಲೆಕ್ಕದಲ್ಲೇ ಬಿದ್ದೆ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ಸತ್ತ. ಮೊರಬಕ್ಕೆ, ತವರಿಗೆ ಬಂದೆ. ಅಣ್ಣ ಒಂದು ಅರ್ಜಿ ಬರೆದು ತಂದು ಸಹಿ ಹಾಕು ಎಂದ, ಹಾಕಿದೆ. ಅಡವಿಯ ಅಂಚಿನ ಸಣ್ಣ ಊರುಗಳಿಗೆ ಹೋಗಲು ಮಾಸ್ತರುಗಳು ಒಪ್ಪುತ್ತಿರಲಿಲ್ಲ. ಟ್ರೇನಿಂಗ್ ಆಗದವರಾದರೂ ನಡೆದೀತು ಎಂದು ನನ್ನನ್ನು ತೆಗೆದುಕೊಂಡರು. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು.

ಕಲಘಟಗಿ ತಾಲೂಕು. ದುಮ್ಮವಾಡದ ಕಡೆ ಬಸ್ಸು ಇಳಿದು ಒಳಗೆ ನಡೆಯಬೇಕು. ಊರಿನ ಹೆಸರು ಬರೆಯುವುದಿಲ್ಲ, ಮುಂದೆ ಹೇಳುವ ಹುಡುಗಿಯ ಮನೆಯವರು ಇನ್ನೂ ಇದ್ದಾರೆ. ನಲವತ್ತು ಮನೆ. ಶಾಲೆ ಎಂದರೆ ಹಂಚಿನ ಒಂದು ಕೋಣೆ. ಒಂದರಿಂದ ನಾಲ್ಕನೇ ಇಯತ್ತೆ ಎಲ್ಲ ಅದರಲ್ಲೇ, ನಾಲ್ಕೂ ಮೂಲೆಗೆ ಒಂದೊಂದು. ಕಲಿಸುವವಳು ನಾನೊಬ್ಬಳೇ. ಶಾಲೆಗೆ ಹತ್ತಿಕೊಂಡು ಒಂದು ಪಡಸಾಲೆ ಇತ್ತು. ಅದಕ್ಕೆ ತಟ್ಟಿ ಕಟ್ಟಿ ಕೊಟ್ಟರು, ಅಲ್ಲಿ ನಾನು ಇದ್ದೆ.

ನಾನು ಎರಿ ನೆಲದವಳು. ಜೋಳ, ಕಡಲೆ, ಹತ್ತಿ ನೋಡಿ ಬೆಳೆದವಳು. ನಮ್ಮಲ್ಲಿ ಹೊಲದ ಬದುವಿನ ಮೇಲೆ ನಿಂತರೆ ನಾಲ್ಕು ಊರು ಕಾಣುತ್ತಿದ್ದವು. ಇಲ್ಲಿ ಭತ್ತದ ಗದ್ದೆ, ಅದರಾಚೆ ಗಿಡಗಳ ಗೋಡೆ. ಯಾವ ಊರೂ ಕಾಣುವುದಿಲ್ಲ. ಜನ ಕೆಟ್ಟವರಲ್ಲ, ಮರ್ಯಾದೆ ಕೊಡುತ್ತಿದ್ದರು. ಮರ್ಯಾದೆ ಕೊಡುವವರು ಬಾಜೂಕ್ಕೆ ಬಂದು ಕೂತುಕೊಳ್ಳುವುದಿಲ್ಲ. ನಾನು ಬಾವಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ, “ಅಕ್ಕೋರ, ನೀವು ಮೊದಲ ತುಂಬಿಕೊಳ್ರಿ” ಎಂದು ಸರಿಯುತ್ತಿದ್ದರು. ತುಂಬಿಕೊಂಡು ಹತ್ತು ಹೆಜ್ಜೆ ಬಂದ ಮೇಲೆ ಹಿಂದೆ ಮತ್ತೆ ಮಾತು ಶುರುವಾಗುತ್ತಿತ್ತು. ಸಂಜೆ ಐದಕ್ಕೆ ಶಾಲೆ ಬಿಟ್ಟರೆ ಮರುದಿನ ಮಕ್ಕಳು ಬರುವ ತನಕ ನನ್ನ ದನಿಯನ್ನು ನಾನೇ ಕೇಳುತ್ತಿರಲಿಲ್ಲ.

ರವಿವಾರ ಇನ್ನೂ ಕಷ್ಟ. ಮಕ್ಕಳ ಲೆಕ್ಕದ ಪುಸ್ತಕ ತೆಗೆದು ಕೂತುಕೊಳ್ಳುತ್ತಿದ್ದೆ, ಮುಂದಿನ ವಾರದ ಲೆಕ್ಕ ಮೊದಲು ನನಗೆ ಬರಬೇಕಲ್ಲ. ಪುಸ್ತಕದ ತುಂಬ ಒಬ್ಬ ರಾಮಪ್ಪ. ಅವನು ಮಾವಿನಹಣ್ಣು ಕೊಳ್ಳುತ್ತಾನೆ, ಕೆಲವು ಕೆಟ್ಟುಹೋಗುತ್ತವೆ, ಮಿಕ್ಕವನ್ನು ಗೆಳೆಯರಿಗೆ ಸಮನಾಗಿ ಹಂಚುತ್ತಾನೆ. ಅವನಿಗೆ ಹೆಂಡತಿ ಇದ್ದಳೋ ಇಲ್ಲವೋ ಪುಸ್ತಕದಲ್ಲಿ ಇರಲಿಲ್ಲ. ನನ್ನ ರವಿವಾರಗಳು ಅವನ ಜೊತೆ ಹೋದವು.

ಎರಡನೇ ವರ್ಷ ತಪಾಸಣೆಯ ಸಾಹೇಬರು ಬಂದರು. ಮೂರನೇ ಇಯತ್ತೆಯಲ್ಲಿ ಐದು ಮಕ್ಕಳು. ಸಾಹೇಬರು ತಾವೇ ಒಂದು ಲೆಕ್ಕ ಹೇಳಿದರು. ಒಬ್ಬ ರೈತ ದಿನಕ್ಕೆ ಎರಡು ಎಕರೆ ಬಿತ್ತುತ್ತಾನೆ, ಹದಿನಾಲ್ಕು ದಿನಕ್ಕೆ ಎಷ್ಟು ಎಕರೆ ಬಿತ್ತುವನು. ಐದೂ ಮಕ್ಕಳು ಪಾಟಿ ಎತ್ತಿ ತೋರಿಸಿದವು. ಐದರ ಮೇಲೂ ಇಪ್ಪತ್ನಾಲ್ಕು.

ಸಾಹೇಬರು ನನ್ನ ಕಡೆ ತಿರುಗಿದರು. “ಏನ್ರಿ ಬಾಯಾರ, ಐದೂ ಮಂದಿದು ಒಂದ ತಪ್ಪು? ಒಬ್ಬರದ ನೋಡಿ ಒಬ್ಬರು ಬರದಾರ. ನೀವು ಎಲ್ಲಿ ನೋಡಾಕತ್ತಿದ್ರಿ?”

ನಾನು ಎಲ್ಲಿಯೂ ನೋಡುತ್ತಿರಲಿಲ್ಲ, ಅವರ ಬೂಟು ನೋಡುತ್ತಿದ್ದೆ. ನನಗೂ ಇಪ್ಪತ್ನಾಲ್ಕು ಎಲ್ಲಿಂದ ಬಂತು ತಿಳಿಯಲಿಲ್ಲ. ಆಗ ಕೊನೆಯಲ್ಲಿ ಕೂತ ಹುಡುಗಿ ಎದ್ದು ನಿಂತಳು. ಫಕ್ಕೀರವ್ವ ಎಂದು ಹೆಸರು. ಒಂಬತ್ತು ವರ್ಷ ಇದ್ದೀತು.

“ಸೋಮಾರ ಎತ್ತು ಹೂಡೂದಿಲ್ಲರಿ ಸಾಹೇಬ್ರ. ಹದಿನಾಕ ದಿನದಾಗ ಎರಡ ಸೋಮಾರ ಬರ್ತಾವ.”

“ಲೆಕ್ಕದಾಗ ಸೋಮಾರ ಇಲ್ಲ.”

“ಲೆಕ್ಕದಾಗ ಇಲ್ಲಂದ್ರೂ ಹೊಲದಾಗ ಐತೆಲ್ರಿ.”

ಸಾಹೇಬರು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ತಪಾಸಣೆಯ ಪುಸ್ತಕ ತರಿಸಿಕೊಂಡು ‘ಮಾತಿನ ಲೆಕ್ಕಗಳಲ್ಲಿ ಮಕ್ಕಳು ಬಹಳ ಹಿಂದೆ’ ಎಂದು ಬರೆದು ಸಹಿ ಹಾಕಿದರು. ಜೀಪು ಹತ್ತುವಾಗ ನನಗೆ ಹೇಳಿದರು, “ಮುಂದಿನ ಸಲಾನೂ ಇದ ಗತಿ ಇದ್ರ, ಟ್ರೇನಿಂಗ್ ಆದವರನ್ನ ಹಾಕಬೇಕಾಕ್ಕತಿ. ನನ್ನ ಕೈಯಾಗ ಏನೂ ಇಲ್ಲ.”

ಜೀಪು ಹೋದ ಮೇಲೆ ನಾನು ಫಕ್ಕೀರವ್ವನಿಗೆ ಬೈದೆ. “ಸಾಹೇಬ್ರ ಮುಂದ ಬಾಯಿ ಮಾಡ್ತಿ ಏನಬೇ? ಕೇಳಿದಷ್ಟ ಹೇಳಾಕ ಬರೂದಿಲ್ಲ?” ಅವಳು ಅಳಲಿಲ್ಲ. ಕೆಳಗೆ ಕೂತು ಪಾಟಿ ಒರೆಸಿಕೊಂಡಳು.

ಅವಳ ಅಪ್ಪ ನಿಂಗಪ್ಪ. ಸುಗ್ಗಿಯಲ್ಲಿ ಊರವರ ಕಣಗಳಲ್ಲಿ ಭತ್ತ ಅಳೆಯುವವನು ಅವನೇ. ಓದು ಬರಹ ಇಲ್ಲ. ಆದರೆ ಅವನು ಅಳೆದ ರಾಶಿಯನ್ನು ಯಾರೂ ಎರಡನೇ ಸಲ ಅಳೆಸಿದ್ದಿಲ್ಲ. ಮೊದಲನೆಯ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾನೆ. ಲಾಭ, ಎರಡು, ಮೂರು ಎಂದು ಒಂದೇ ದನಿಯಲ್ಲಿ ಹೋಗುತ್ತದೆ. ಇಪ್ಪತ್ತಾದಾಗೊಮ್ಮೆ ಫಕ್ಕೀರವ್ವ ಒಂದು ಹುಣಸೆ ಬೀಜ ಬೇರೆ ಇಡುತ್ತಾಳೆ. ಇದನ್ನು ನಾನು ಕಣಕ್ಕೆ ಹೋಗಿ ನೋಡಿದ್ದೇನೆ. ಅಪ್ಪನ ಬಾಯಿ ತಪ್ಪಿದರೆ ಮಗಳು “ಹಂಗಲ್ಲಪಾ” ಅನ್ನುತ್ತಿದ್ದಳು. ಅವನು ನಿಲ್ಲಿಸಿ ತಿದ್ದಿಕೊಳ್ಳುತ್ತಿದ್ದ.

ಸಾಹೇಬರು ಬಂದು ಹೋದ ವಾರ ನಿಂಗಪ್ಪ ಶಾಲೆಗೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ನಿಂತ.

“ಹುಡುಗಿ ಸಾಹೇಬ್ರಿಗೆ ಎದುರು ಮಾತಾಡಿದ್ಳಂತಲ್ರಿ.”

“ಹೌದ್ರಿ. ಬೈದೀನಿ.”

“ಬೈರಿ. ಆದ್ರ ಒಂದ ಮಾತ ಹೇಳ್ತೀನಿ ಅಕ್ಕೋರ. ಕಲಘಟಗ್ಯಾಗ ನಮ್ಮ ತಂಗಿ ಅದಾಳ. ಆಕಿ ಗಂಡ ತೊಟ್ಲಕ್ಕ ಬಣ್ಣಾ ಹಚ್ಚಾಂವ. ಈಕಿ ನಾಕನೇತ್ತೆ ಪಾಸ್ ಆದ್ರ ಅಲ್ಲಿಟ್ಟು ಐದನೇತ್ತೆಗೆ ಹಾಕ್ತೀನಿ ಅಂತ ತಂಗಿಗೆ ಮಾತು ಕೊಟ್ಟೀನಿ. ನಪಾಸ್ ಆದ್ರ ಮನ್ಯಾಗ ಕೂಸು ಹಿಡೀಲಿ. ಎರಡೆರಡ ಸಲ ಕುಂಡ್ರಸೂದು ನಮ್ಮ ಕಡಿಂದ ಆಗೂದಿಲ್ಲ. ಆಕಿ ಅವ್ವಗ ಒಂದ ಸಲಾನ ಒಪ್ಪಗಿ ಇಲ್ಲ.”

ಆ ಊರಿನಿಂದ ನಾಲ್ಕನೆಯದು ದಾಟಿ ಹೋದ ಹುಡುಗಿ ಅಲ್ಲಿಯ ತನಕ ಒಬ್ಬಳೂ ಇರಲಿಲ್ಲ. ನಾನು “ಪಾಸ್ ಆಗ್ತಾಳ್ರಿ” ಎಂದೆ. ಹೇಳುವಾಗ ನನ್ನ ನೌಕರಿಯನ್ನೇ ನೆನೆಯುತ್ತಿದ್ದೆ, ಅವಳನ್ನಲ್ಲ.

ನಾಲ್ಕನೆಯ ಪರೀಕ್ಷೆ ನಮ್ಮ ಶಾಲೆಯಲ್ಲಿ ಆಗುತ್ತಿರಲಿಲ್ಲ. ಸುತ್ತಲಿನ ಸಣ್ಣ ಊರುಗಳ ಮಕ್ಕಳೆಲ್ಲ ಆರು ಮೈಲು ಆಚೆಯ ದೊಡ್ಡ ಶಾಲೆಗೆ ಹೋಗಿ ಬರೆಯಬೇಕು. ಪೇಪರು ತಿದ್ದುವವರು ಅಲ್ಲಿಯ ದೊಡ್ಡ ಮಾಸ್ತರರು. ಒಳ್ಳೆಯ ಮನುಷ್ಯ, ಧೋತರ, ಕರಿ ಟೊಪ್ಪಿಗೆ. ತಿಂಗಳಿಗೊಮ್ಮೆ ಕಾಗದಪತ್ರ ಕೊಡಲು ಹೋದಾಗ ಚಹಾ ಕುಡಿಸುತ್ತಿದ್ದರು. ಸಾಹೇಬರು ಬರೆದದ್ದನ್ನು ಅವರ ಮುಂದೆ ಹೇಳಿಕೊಂಡೆ.

“ಇಷ್ಟ ಏನು?” ಎಂದರು. “ಮಕ್ಕಳಿಗೆ ಲೆಕ್ಕ ತಿಳಿಸಾಕ ಹೋಗಬ್ಯಾಡ್ರಿ. ಅದು ಆಗೂ ಹೋಗೂ ಮಾತಲ್ಲ. ಲೆಕ್ಕದಾಗಿನ ಒಂದ ಶಬ್ದ ಹಿಡಿಯಾಕ ಕಲಸ್ರಿ. ಒಟ್ಟು ಅಂತ ಇದ್ರ ಕೂಡಸು. ಉಳಿದವು ಅಂತ ಇದ್ರ ಕಳಿ. ಹೆಚ್ಚು ಅಂದ್ರ ಕೂಡಸು, ಕಡಿಮಿ ಅಂದ್ರ ಕಳಿ. ಸಮನಾಗಿ ಅಂದ್ರ ಭಾಗಾಕಾರ. ಮುಗೀತು.”

ನನಗೆ ಕತ್ತಲಲ್ಲಿ ದೀಪ ಕಂಡಂತಾಯಿತು. ಮುಲ್ಕಿಯ ವರ್ಷ ಇದನ್ನು ಯಾರಾದರೂ ಹೇಳಿದ್ದರೆ ಒಂದೇ ಸಲಕ್ಕೆ ಪಾಸಾಗುತ್ತಿದ್ದೆನಲ್ಲ ಎನಿಸಿತು. ಊರಿಗೆ ಬಂದವಳೇ ಸುಣ್ಣ ಕಲಸಿ ಶಾಲೆಯ ಮಣ್ಣಿನ ಗೋಡೆಯ ಮೇಲೆ ಆ ಶಬ್ದಗಳನ್ನು ಬೆರಳಷ್ಟು ದಪ್ಪ ಬರೆದೆ. ಮಗ್ಗಿ ಮುಗಿದ ಕೂಡಲೆ ಅದನ್ನೂ ಮಗ್ಗಿಯಂತೆ ಹೇಳಿಸುತ್ತಿದ್ದೆ. “ಉಳಿದವು ಅಂದರೆ?” ಎಂದು ನಾನು, “ಕಳೆಯಬೇಕು” ಎಂದು ಎಲ್ಲರೂ. ಚೆನ್ನಾಗಿ ಕೇಳುತ್ತಿತ್ತು.

ಮಕ್ಕಳು ಲೆಕ್ಕ ಓದುವುದನ್ನು ಬಿಟ್ಟವು. ನಾನು ಆಗ ಅದನ್ನು ಗಮನಿಸಲಿಲ್ಲ. ಪುಸ್ತಕ ತೆರೆದು, ಹೇನು ಹುಡುಕಿದಂತೆ ಬೆರಳಿನಿಂದ ಶಬ್ದ ಹುಡುಕುತ್ತಿದ್ದವು. ಸಿಕ್ಕ ಕೂಡಲೆ ಎರಡು ಅಂಕಿ ಇಳಿಸಿಕೊಂಡು ಕೂಡಿಸುವುದು ಇಲ್ಲವೇ ಕಳೆಯುವುದು. ಅರ್ಧ ತಾಸಿಗೆ ಹತ್ತು ಲೆಕ್ಕ ಆಗುತ್ತಿದ್ದವು. ಮರುವರ್ಷ ಅದೇ ಸಾಹೇಬರು ಬಂದು ಮೂರು ಲೆಕ್ಕ ಹೇಳಿದರು, ಮೂರೂ ಸರಿ. ‘ಪ್ರಗತಿ ಸಮಾಧಾನಕರ’ ಎಂದು ಬರೆದರು. ಟ್ರೇನಿಂಗಿನ ಮಾತೆತ್ತಲಿಲ್ಲ. ಆ ದಿನ ನಾನು ಒಬ್ಬಳೇ ಶಾವಿಗೆ ಪಾಯಸ ಮಾಡಿಕೊಂಡು ಉಂಡೆ.

ಇದಕ್ಕೆ ಒಗ್ಗದವಳು ಫಕ್ಕೀರವ್ವ ಒಬ್ಬಳೇ. ಅವಳು ಲೆಕ್ಕ ಪೂರ್ತಿ ಓದುತ್ತಿದ್ದಳು. ತುಸು ಹೊತ್ತು ಬಾಗಿಲ ಹೊರಗೆ ನೋಡುತ್ತಿದ್ದಳು. ಆಮೇಲೆ ಉತ್ತರ ಬರೆಯುತ್ತಿದ್ದಳು, ನಡುವೆ ಏನೂ ಬರೆಯದೆ. ಉತ್ತರ ಸರಿಯೇ ಇರುತ್ತಿತ್ತು.

“ಶಬ್ದ ಯಾವುದು ತೋರಸು,” ಅನ್ನುತ್ತಿದ್ದೆ.

“ನೋಡ್ಲಿಲ್ರಿ.”

“ನೋಡದ ಹೆಂಗ ಮಾಡಿದಿ? ಬಾಜೂಕಿನವರದ ನೋಡಿದಿ?”

“ಇಲ್ರಿ. ಭತ್ತಾ ಎಲ್ಲಿ ಹೋತು ಅಂತ ನೋಡಿದ್ನಿ.”

ಇದು ನನಗೆ ಉದ್ಧಟತನ ಎನಿಸುತ್ತಿತ್ತು. ಉತ್ತರ ಸರಿ ಇದ್ದರೂ ಕೈ ಚಾಚಿಸಿ ಪಟ್ಟಿಯಿಂದ ಹೊಡೆದಿದ್ದೇನೆ. ಒಂದು ಸಲ ಅಲ್ಲ, ಬಹಳ ಸಲ. ಸರಿ ಉತ್ತರಕ್ಕೆ ಹೊಡೆಯುತ್ತಿದ್ದೇನೆ ಎಂದು ಗೊತ್ತಿತ್ತು. ಪರೀಕ್ಷೆಯಲ್ಲಿ ಕ್ರಮ ತಪ್ಪಬಾರದು, ಇವಳ ಒಳ್ಳೆಯದಕ್ಕೇ ಎಂದುಕೊಂಡೆ. ನಾಲ್ಕನೇ ಇಯತ್ತೆಯ ಚಳಿಗಾಲದ ಹೊತ್ತಿಗೆ ಅವಳೂ ಶಬ್ದ ಹುಡುಕತೊಡಗಿದಳು. ಬಾಗಿಲ ಹೊರಗೆ ನೋಡುವುದನ್ನು ಬಿಟ್ಟಳು. ದಾರಿಗೆ ಬಂದಳು ಎಂದು ನನಗೆ ಸಮಾಧಾನ.

ಮೂವರು ಮಕ್ಕಳನ್ನು ಪರೀಕ್ಷೆಗೆ ಕರೆದುಕೊಂಡು ಹೋದೆ. ಇಬ್ಬರು ಗಂಡು ಹುಡುಗರು ಪಾಸಾದರು. ಫಕ್ಕೀರವ್ವ ಲೆಕ್ಕದಲ್ಲಿ ನಾಪಾಸು.

ಆ ಸುದ್ದಿ ಊರಿಗೆ ಬಂದ ಮರುದಿನ ನಾನು ಆರು ಮೈಲು ನಡೆದು ದೊಡ್ಡ ಮಾಸ್ತರರ ಹತ್ತಿರ ಹೋದೆ. ಮಾರ್ಕ್ಸು ಕೂಡಿಸುವಾಗ ಏನೋ ತಪ್ಪಾಗಿದೆ ಎಂದುಕೊಂಡೇ ಹೋದೆ. ಅವರು ಪೇಪರಿನ ಕಟ್ಟು ಬಿಚ್ಚಿ ಅವಳದನ್ನು ನನ್ನ ಕೈಗೆ ಕೊಟ್ಟರು.

ಲೆಕ್ಕ ಹೀಗಿತ್ತು. ಒಬ್ಬ ರೈತನು ಇಪ್ಪತ್ತೇಳು ಚೀಲ ಭತ್ತ ಮಾರಿದ ಮೇಲೆ ಅವನಲ್ಲಿ ಮೂವತ್ತಾರು ಚೀಲ ಉಳಿದವು. ಮೊದಲು ಅವನಲ್ಲಿದ್ದ ಚೀಲಗಳೆಷ್ಟು? ಅದರ ಕೆಳಗೆ ಫಕ್ಕೀರವ್ವ ಅರವತ್ಮೂರು ಎಂದು ಬರೆದಿದ್ದಳು. ಆಮೇಲೆ ಅದರ ಮೇಲೆ ನೆಟ್ಟಗೆ ಒಂದು ಗೆರೆ ಎಳೆದಿದ್ದಳು. ಕೆಳಗೆ ಮೂವತ್ತಾರರಲ್ಲಿ ಇಪ್ಪತ್ತೇಳು ಕಳೆದು ಒಂಬತ್ತು ಎಂದು ಬರೆದಿದ್ದಳು. ಅದರ ಮುಂದಿನದೂ ಹಾಗೆಯೇ. ಒಬ್ಬನಲ್ಲಿ ಹದಿನೆಂಟು ಗೋಲಿ, ಅವು ಗೆಳೆಯನವಕ್ಕಿಂತ ಐದು ಹೆಚ್ಚು, ಗೆಳೆಯನಲ್ಲಿ ಎಷ್ಟು. ಹದಿಮೂರು ಎಂದು ಬರೆದು, ಗೆರೆ ಎಳೆದು, ಇಪ್ಪತ್ಮೂರು. ಹೀಗೆ ಎರಡೆರಡು ಸಲ ಬರೆಯುವುದರಲ್ಲೇ ಹೊತ್ತು ಹೋಗಿ, ಕೊನೆಯ ಲೆಕ್ಕಗಳನ್ನು ಮುಟ್ಟಿರಲಿಲ್ಲ.

ನಾನು ಪೇಪರನ್ನು ಮೇಲಿನಿಂದ ಮತ್ತೊಮ್ಮೆ ಓದಿದೆ.

“ಮೊದಲ ಬರದದ್ದನ್ನ ಹಂಗ ಬಿಟ್ಟಿದ್ರ ಪಾಸ್ ಆಗ್ತಿದ್ಳು,” ಎಂದರು ಮಾಸ್ತರರು. “ಹೊಡದ ಹಾಕಿದ್ದಕ್ಕ ಮಾರ್ಕ್ಸ್ ಕೊಡಾಕ ಬರೂದಿಲ್ಲ.”

“ಮಾಸ್ತರ, ಇದು ನೀವು ಹೇಳಿಕೊಟ್ಟ ಉಪಾಯರಿ.”

“ಹೌದಲ್ಲ. ಹತ್ತಕ್ಕ ಎಂಟು ಸಲ ನಡೀತೈತ್ರಿ ಅದು.”

“ಉಳದ ಎರಡು?”

“ಅವು ಹೋಗ್ತಾವ,” ಎಂದರು. ಚಹಾ ತರಿಸಿದರು. ನಾನು ಕುಡಿದೆ. ಅವರ ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅವರು ಹೇಳಿದರು, ಹೊಡೆದು ಕಲಿಸಿದವಳು ನಾನು.

ವಾಪಸು ನಡೆಯುವಾಗ ಒಂದು ಯೋಚನೆ ಬಂತು, ಅದನ್ನೂ ಬರೆಯುತ್ತೇನೆ. ಸುಮ್ಮನಿದ್ದರೆ ಆಯಿತು. ಪೇಪರು ಕಂಡವರು ನಾವಿಬ್ಬರೇ. ಹುಡುಗಿ ದಡ್ಡಿ ಎಂದು ಊರು ಅನ್ನುತ್ತದೆ, ಹುಡುಗಿಯೂ ಹಾಗೇ ಅಂದುಕೊಳ್ಳುತ್ತಾಳೆ, ಕೂಸು ಹಿಡಿಯುತ್ತಾಳೆ. ನನ್ನ ಪುಸ್ತಕದಲ್ಲಿ ‘ಪ್ರಗತಿ ಸಮಾಧಾನಕರ’ ಎಂದೇ ಇರುತ್ತದೆ. ಹೇಳಿದರೆ ಊರವರು ಅರ್ಜಿ ಹಾಕಿ ನನ್ನನ್ನು ತೆಗೆಸಬಹುದು. ತೆಗೆದರೆ ಮತ್ತೆ ಮೊರಬದಲ್ಲಿ ಅಣ್ಣನ ಹೆಂಡತಿಯ ಅಡಿಗೆಮನೆ. ಈ ಯೋಚನೆ ಅರ್ಧ ದಾರಿ ನಡೆಯಿತು. ಊರು ಬಂದಾಗ ಕಾಲುಗಳು ತಾವೇ ನಿಂಗಪ್ಪನ ಮನೆಯ ಕಡೆ ತಿರುಗಿದವು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ನನ್ನ ಪಡಸಾಲೆಗೆ ಹೋಗಿ ಕೂತೆ. ಅಲ್ಲಿ ಮಾತಾಡಲು ಯಾರೂ ಇರಲಿಲ್ಲ. ಆಮೇಲೆ ಹೋದೆ.

ನಿಂಗಪ್ಪ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಅಕ್ಕಿ ಹಸನು ಮಾಡುತ್ತಿದ್ದಳು. ಫಕ್ಕೀರವ್ವ ಟೊಂಕದ ಮೇಲೆ ತಂಗಿಯನ್ನು ಹೊತ್ತು ಕಂಬಕ್ಕೆ ಆತು ನಿಂತಿದ್ದಳು. ನನ್ನನ್ನು ಕಂಡು ಒಳಗೆ ಹೋಗಲು ನೋಡಿದಳು. “ನಿಂದ್ರು” ಎಂದೆ. ನಿಂಗಪ್ಪನಿಗೆ ಲೆಕ್ಕ ಹೇಳಿದೆ. ಇಪ್ಪತ್ತೇಳು ಮಾರಿದ, ಮೂವತ್ತಾರು ಉಳಿದವು, ಮೊದಲು ಎಷ್ಟಿದ್ದವು.

“ಅರವತ್ಮೂರು,” ಎಂದ. ಕೈ ಹಗ್ಗದ ಮೇಲೇ ಇತ್ತು.

“ಫಕ್ಕೀರವ್ವಾನೂ ಅದನ್ನ ಬರದಿದ್ಳು. ಆಮ್ಯಾಲೆ ಹೊಡದ ಹಾಕಿ ಒಂಬತ್ತು ಬರದಾಳ.”

ಅವನು ಮಗಳ ಕಡೆ ತಿರುಗಿದ. “ಮೂವತ್ತಾರು ಚೀಲ ಇನ್ನಾ ಮನ್ಯಾಗ ಕುಂತಾವ. ಮೊದಲ ಒಂಬತ್ತ ಹೆಂಗ ಇದ್ದಾವಬೇ?”

ಅವಳು ನೆಲ ನೋಡಿದಳು. “ಉಳಿದವು ಅಂತ ಇತ್ತು. ಉಳಿದವು ಅಂದ್ರ ಕಳೀಬೇಕು. ಇಲ್ಲಂದ್ರ ಅಕ್ಕೋರು ಹೊಡೀತಾರ.”

 ಮೊರದ ಸಪ್ಪಳ ನಿಂತಿತು. ನಾನು ಎಲ್ಲ ಹೇಳಿದೆ. ಗೋಡೆಯ ಮೇಲೆ ಬರೆದದ್ದು, ಸರಿ ಉತ್ತರಕ್ಕೆ ಹೊಡೆದದ್ದು. ಅವನು ಪೂರ್ತಿ ಕೇಳಿದ.

“ಅಂದ್ರ ಆಕಿಗೆ ಮೊದಲ ಬರ್ತಿತ್ತು,” ಎಂದ. “ನೀವು ಕಲಿಸಿದ ಮ್ಯಾಲೆ ಬರದಂಗಾತು.”

“ಹೌದ್ರಿ.”

“ಹಂಗಾದ್ರ ಇನ್ನೊಂದ ವರ್ಷ ನಿಮ್ಮ ಕಡೆ ಯಾಕ ಕಳಿಸ್ಲಿ?”

ಇದು ಬೈಗುಳ ಅಲ್ಲ. ನಿಜವಾಗಿಯೂ ಕೇಳಿದ. ಅದಕ್ಕೆ ನಾನೂ ನಿಜ ಹೇಳಬೇಕಾಯಿತು. “ನನಗ ಮಾತಿನ ಲೆಕ್ಕ ಬರೂದಿಲ್ಲರಿ. ಮುಲ್ಕಿದಾಗ ನಾನೂ ಅದರಾಗ ಬಿದ್ದಾಕಿ. ಆಕಿಗೆ ಬರ್ತಾವ. ಆಕಿ ಬಂದ್ರ ನಾನೂ ಕಲೀತೀನಿ. ಇನ್ನೊಂದ ವರ್ಷ ಕೊಡ್ರಿ ಅಂತ ಕೇಳಾಕ ಬಂದೀನಿ.”

ಅವನ ಹೆಂಡತಿ ಮೊರ ಕೆಳಗಿಟ್ಟಳು. “ಪಗಾರ ಅಕ್ಕೋರ್ಗೆ, ಕಲಸೂ ಕೆಲಸಾ ನನ್ನ ಮಗಳಿಗೆ. ಚಲೋ ಆತು ಬಿಡ್ರಿ.”

ನಿಂಗಪ್ಪ ಹಗ್ಗಕ್ಕೆ ಮರಳಿದ.  ನಾನು ನಿಂತಲ್ಲಿಂದಲೇ ತಿರುಗಿ ಬಂದೆ. ಅರ್ಜಿ ಯಾರೂ ಹಾಕಲಿಲ್ಲ. ಬಾವಿಯಲ್ಲಿ ಹೆಂಗಸರು ಮಾತ್ರ ಆಮೇಲೆ ಸರಿದು ದಾರಿ ಬಿಡಲಿಲ್ಲ. ಸರತಿಯಲ್ಲಿ ನಿಲ್ಲುತ್ತಿದ್ದೆ. ಅದು ಒಂದು ರೀತಿ ಒಳ್ಳೆಯದೇ ಆಯಿತು, ಅವರ ಮಾತು ಕಿವಿಗೆ ಬೀಳುತ್ತಿತ್ತು.

ಬೇಸಿಗೆಯ ಸೂಟಿಯಲ್ಲಿ ಕುಡುಗೋಲಿನ ಹಿಂಬದಿಯಿಂದ ಗೋಡೆಯ ಅಕ್ಷರ ಕೆರೆದು ಹಾಕಿ, ಸಗಣಿ ಮಣ್ಣು ಮೆತ್ತಿದೆ. ಇನ್ನು ಹೇಗೆ ಕಲಿಸಬೇಕು ಎಂಬುದು ಗೊತ್ತಿರಲಿಲ್ಲ. ಅವಳು ಅಂದದ್ದು ಒಂದೇ ನೆನಪಿತ್ತು, ಭತ್ತ ಎಲ್ಲಿ ಹೋಯಿತು ಅಂತ ನೋಡುವುದು. ಜೂನಿನಲ್ಲಿ ಶಾಲೆ ಶುರುವಾದಾಗ ಮಕ್ಕಳಿಗೆ ಹೇಳಿದೆ, ಲೆಕ್ಕ ಓದಿರಿ, ಪುಸ್ತಕ ಬೋರಲು ಹಾಕಿರಿ, ಬಳಪ ಮುಟ್ಟಬೇಡಿರಿ. ಏನಾಯಿತು ಎಂದು ನಿಮ್ಮ ಮಾತಿನಲ್ಲಿ ನನಗೆ ಹೇಳಿರಿ. ಅವು ಪಿಳಿಪಿಳಿ ನೋಡಿದವು.  ಒಬ್ಬ ಮಾತ್ರ ಕೇಳಿದ, “ಗ್ವಾಡಿ ಮ್ಯಾಲಿಂದು ಎಲ್ಲಿ ಹೋತ್ರಿ?”

ಮೊದಲ ವಾರ ಫಕ್ಕೀರವ್ವ ಬರಲಿಲ್ಲ. ಎರಡನೇ ವಾರವೂ ಇಲ್ಲ. ಮೂರನೆಯ ವಾರ ಒಂದು ದಿನ ಮಧ್ಯಾಹ್ನ ಬಾಗಿಲಲ್ಲಿ ನಿಂತಿದ್ದಳು, ಟೊಂಕದ ಮೇಲೆ ಕೂಸು.

“ಅಪ್ಪ ಕಳಿಸ್ಯಾನ್ರಿ. ಲೆಕ್ಕದ ತಾಸಿಗೆ ಅಷ್ಟ. ಅಕ್ಕೋರ್ಗೆ ಹೇಳಿಕೊಟ್ಟ ಬಾ ಅಂದಾನ.”

ನಗಲಿಲ್ಲ ಅವಳು. ಅಪ್ಪ ಹೇಳಿದ್ದನ್ನು ಹೇಳಿದಳು ಅಷ್ಟೆ. “ಬಾ” ಎಂದೆ. ಕೂಸು ಅಳತೊಡಗಿತು. ಅದನ್ನು ನಾನು ಎತ್ತಿಕೊಂಡೆ, ಹಲಗೆಗೆ ಬರೆಯುವ ಖಡು ಅವಳ ಕೈಗೆ ಕೊಟ್ಟೆ. ಆ ವರ್ಷ ಪೂರ್ತಿ ಹಾಗೇ ನಡೆಯಿತು. ದಿನಾ ಮಧ್ಯಾಹ್ನ ಒಂದು ತಾಸು ಕೂಸು ನನ್ನ ತೊಡೆಯ ಮೇಲೆ, ಹುಡುಗಿ ಹಲಗೆಯ ಮುಂದೆ. ಅವಳು ಅಂಕಿ ಬರೆಯುತ್ತಿರಲಿಲ್ಲ. ಚೀಲ ಬರೆಯುತ್ತಿದ್ದಳು, ಬಂಡಿ ಬರೆಯುತ್ತಿದ್ದಳು, ಮನೆಯೊಳಗೆ ಬಂದದ್ದಕ್ಕೆ ಒಂದು ಕಡೆ, ಹೊರಗೆ ಹೋದದ್ದಕ್ಕೆ ಒಂದು ಕಡೆ. ನಾನು ಹಿಂದಿನಿಂದ ಏನಾದರೂ ಹೇಳಿದರೆ ತಿರುಗಿ ನೋಡದೆ “ಅದು ಹಂಗಾಗೂದಿಲ್ರಿ” ಅನ್ನುತ್ತಿದ್ದಳು. ಮೊದಮೊದಲು ಕೈ ಪಟ್ಟಿಯ ಕಡೆ ಹೋಗುತ್ತಿತ್ತು. ಆಮೇಲೆ ಪಟ್ಟಿಯನ್ನು ಕೂಸು ಚೀಪಲು ತೆಗೆದುಕೊಂಡಿತು.

ಉಳಿದ ಮಕ್ಕಳೂ ಬಾಯಿ ಬಿಟ್ಟವು. ಒಂದು ದಿನ ಆಳುಗಳ ಲೆಕ್ಕ. ಆರು ಆಳುಗಳು ಒಂದು ಗದ್ದೆಯ ಕಸವನ್ನು ನಾಲ್ಕು ದಿನದಲ್ಲಿ ತೆಗೆಯುತ್ತಾರೆ, ಹನ್ನೆರಡು ಆಳುಗಳು ಎಷ್ಟು ದಿನದಲ್ಲಿ ತೆಗೆಯುವರು? “ಗಂಡಾಳೋ ಹೆಣ್ಣಾಳೋ?” ಎಂದು ಒಬ್ಬ. “ಹೆಣ್ಣಾಳು,” ಎಂದೆ. “ಹಂಗಾದ್ರ ಐದ ದಿನಾ ಬೇಕ್ರಿ. ಹನ್ನೆರಡ ಮಂದಿ ಕೂಡಿದ್ರ ಮಾತ ಮುಗೀಬೇಕಲ್ಲ.” ಫಕ್ಕೀರವ್ವ ಅವನಿಗೆ ಹೇಳಿದಳು, “ಲೇ, ಪುಸ್ತಕದಾಗಿನವರು ಮಾತಾಡೂದಿಲ್ಲ. ಅವರಿಗೆ ಸೋಮಾರಾನೂ ಇಲ್ಲ. ಹಂಗಂತ ಮೊದಲ ಒಪ್ಪಿಕೊಂಡು ಮಾಡಬೇಕು.” ಟ್ರೇನಿಂಗ್ ಆದವರು ಇದನ್ನು ಯಾವ ಹೆಸರಿನಿಂದ ಕರೆಯುತ್ತಾರೋ ನನಗೆ ಗೊತ್ತಿಲ್ಲ. ನಾನು ಕಲಿತದ್ದು ಅವತ್ತು, ಅವಳಿಂದ.

ತಾಸು ಮುಗಿದ ಕೂಡಲೆ ಕೂಸು ಎತ್ತಿಕೊಂಡು ಹೋಗಿಬಿಡುತ್ತಿದ್ದಳು. ನಿಂತು ಮಾತಾಡಿದವಳಲ್ಲ. ಹೊಡೆದದ್ದನ್ನು ಅವಳು ಮರೆತಿರಲಿಲ್ಲ, ಮರೆಯಲಿ ಎಂದು ನಾನೂ ಕೇಳಲಿಲ್ಲ. ಆದರೂ ಆ ಊರಿನಲ್ಲಿ ನಾನು ಹೇಳಿದ್ದಕ್ಕೆ ಅಲ್ಲ ಎನ್ನುವ ಒಂದು ಜೀವ ದಿನಕ್ಕೆ ಒಂದು ತಾಸು ಇತ್ತು. ಸಂಜೆ ಅನ್ನ ಬೇಯುವಾಗ ಅವಳು ಎಲ್ಲೆಲ್ಲಿ ಅಲ್ಲ ಎಂದಳು ಎಂದು ನೆನೆಸಿಕೊಳ್ಳುತ್ತಿದ್ದೆ. ರವಿವಾರ ಸೋಮವಾರದ ಹಾದಿ ನೋಡುತ್ತಿದ್ದೆ.

ಪರೀಕ್ಷೆಯ ದಿನ ದೊಡ್ಡ ಶಾಲೆಯ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಕೂತಿದ್ದೆ, ಕೂಸು ನನ್ನ ಹತ್ತಿರ. ಅವಳು ಹೊರಗೆ ಬಂದಳು. “ಯಾವುದನ್ನರೆ ಹೊಡದ ಹಾಕಿದೇನು?” ಎಂದು ಕೇಳಿದೆ. “ಒಂದ,” ಎಂದಳು. ನಾನು ಎದ್ದು ನಿಂತೆ. “ಯಾಕ?” “ತಪ್ಪಿತ್ತು, ಅದಕ್ಕ.”

ಪಾಸಾದಳು. ಲೆಕ್ಕದಲ್ಲಿ ಆ ಕೇಂದ್ರಕ್ಕೇ ಹೆಚ್ಚು ಅವಳದು ಎಂದು ದೊಡ್ಡ ಮಾಸ್ತರರು ಚೀಟಿ ಬರೆದು ಕಳಿಸಿದರು. ನಾನು ಚೀಟಿ ತೆಗೆದುಕೊಂಡು ಹೋಗಿ ಓದಿ ಹೇಳಿದೆ. ನಿಂಗಪ್ಪ “ಆತ್ರಿ” ಎಂದ. ಅವನ ಹೆಂಡತಿ “ಕೂಡ್ರಿ” ಎಂದು ಮಣೆ ಕೊಟ್ಟಳು. ಅಷ್ಟು ವರ್ಷದಲ್ಲಿ ಆ ಊರಿನ ಮನೆಯಲ್ಲಿ ನಾನು ಕೂತದ್ದು ಅದೇ ಮೊದಲು.

ಜೂನಿನಲ್ಲಿ ಅವಳನ್ನು ಕಲಘಟಗಿಗೆ ಬಿಡಲು ನಿಂಗಪ್ಪ ಕರೆದುಕೊಂಡು ಹೊರಟ. ಶಾಲೆಯ ಮುಂದೇ ದಾರಿ. ಅಪ್ಪ ಮುಂದೆ ಹೋದ, ಅವಳು ಗಂಟು ಹಿಡಿದು ನನ್ನ ಹತ್ತಿರ ಬಂದಳು.

“ಅಕ್ಕೋರ, ಅಲ್ಲಿ ಮಾಸ್ತರು ಉಳಿದವು ಅಂದ್ರ ಕಳಿ ಅಂದ್ರ ಏನ ಮಾಡ್ಲಿ?”

“ಲೆಕ್ಕ ಓದು. ಮಾಸ್ತರ ಮಾರಿ ನೋಡಬ್ಯಾಡ.”

“ಹೊಡದ್ರ?”

“ಹೊಡಸ್ಕೊ. ಗೆರಿ ಎಳೀಬ್ಯಾಡ.”

ತಲೆಯಾಡಿಸಿ ಹೋದಳು. ಗದ್ದೆಯ ಬದುವಿನ ತಿರುವಿನ ತನಕ ಕಂಡಳು. ಅಲ್ಲಿಂದ ಮುಂದೆ ಗಿಡ.

ನಾನು ಒಳಗೆ ಬಂದೆ. ಮೂರು, ನಾಲ್ಕನೇ ಇಯತ್ತೆ ಸೇರಿ ಹನ್ನೊಂದು ಮಕ್ಕಳು. ಬಾಯಿ ಬಿಡಲು ಕಲಿತ ಹುಡುಗರೂ ಆ ವರ್ಷ ನಾಲ್ಕು ದಾಟಿ ಹೋಗಿದ್ದರು. ಹಲಗೆಯ ಮೇಲೆ ಒಂದು ಮಾತಿನ ಲೆಕ್ಕ ಬರೆದೆ. ಒಬ್ಬ ಹೆಣ್ಣುಮಗಳು ಹನ್ನೆರಡು ರೊಟ್ಟಿ ಕೊಟ್ಟ ಮೇಲೆ ಬುಟ್ಟಿಯಲ್ಲಿ ಇಪ್ಪತ್ತು ಉಳಿದವು, ಮೊದಲು ಎಷ್ಟಿದ್ದವು. ಅದರ ಕೆಳಗೆ ಬೇಕಂತಲೇ ತಪ್ಪು ಬರೆದೆ, ಎಂಟು ಎಂದು. ಖಡು ಇಟ್ಟು ಬಾಜೂಕ್ಕೆ ಸರಿದು ನಿಂತೆ. ಯಾರಾದರೂ ಏನಾದರೂ ಅಂದಾರು ಎಂದು ಬಹಳ ಹೊತ್ತು ನಿಂತೆ.

ಹನ್ನೊಂದೂ ಮಕ್ಕಳು ತಲೆ ತಗ್ಗಿಸಿ ಎಂಟು ಎಂದು ಬರೆದುಕೊಂಡವು.